ಬಿಟ್‌ಕಾಯಿನ್ ಜಾಲದ ಸಂದಣಿಯೂ ಶುಲ್ಕದ ಏರಿಕೆಯೂ

೨೦೨೩ನೆಯ ಇಸವಿಯ ಮೇ ತಿಂಗಳ ಒಂದು ಸಂಜೆ ಹುಲಿಯೂರುದುರ್ಗದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬಹಳ ಕಳವಳದಿಂದ ನಮ್ಮಲ್ಲಿಗೆ ಬಂದನು. ಮನೆಯಲ್ಲಿಯೇ ಕುಳಿತು ಗಣಕಯಂತ್ರಗಳಿಗೆ ಪ್ರೋಗ್ರಾಮುಗಳನ್ನು ಬರೆದುಕೊಡುವುದು ಅವನ ಉದ್ಯೋಗ. ಹೊರದೇಶದ ಗಿರಾಕಿಯೊಬ್ಬನು ಅವನಿಗೆ ಸಲ್ಲಬೇಕಾದ ಹಣವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಬಿಟ್‌ಕಾಯಿನ್ ರೂಪದಲ್ಲಿ ಕಳುಹಿಸುತ್ತಿದ್ದನು. ಹೀಗೆ ಹನ್ನೆರಡು ಕಂತುಗಳಲ್ಲಿ ಕೂಡಿದ್ದ, ಸುಮಾರು ಇಪ್ಪತ್ತು ಸಾವಿರ ರೂಪಾಯಿ ಬೆಲೆಯ ನಾಣ್ಯವನ್ನು ತಂಗಿಯ ಕಾಲೇಜು ಶುಲ್ಕಕ್ಕಾಗಿ ರೂಪಾಯಿಗೆ ಬದಲಾಯಿಸಿಕೊಳ್ಳಬೇಕೆಂದು ಅವನು ಒಂದು ವಿನಿಮಯ ಸಂಸ್ಥೆಗೆ ಕಳುಹಿಸಿದ್ದನು. ಎರಡು ದಿನಗಳು ಕಳೆದರೂ ಅದು ಅಲ್ಲಿಗೆ ತಲುಪಿರಲಿಲ್ಲ.

“ಸಾರ್, ದುಡ್ಡು ನನ್ನ ಹತ್ತಿರವೂ ಇಲ್ಲ, ಅವರ ಹತ್ತಿರವೂ ಇಲ್ಲ. ನಡುವೆ ಎಲ್ಲಿಗೆ ಹೋಯಿತು?” ಎಂಬುದು ಅವನ ಪ್ರಶ್ನೆ. ಇಷ್ಟರಲ್ಲಿ ಯಾರೋ ಅಪರಿಚಿತನು ಫೋನಿನಲ್ಲಿ ಸಂದೇಶ ಕಳುಹಿಸಿ, ಮೂರು ಸಾವಿರ ರೂಪಾಯಿಗಳನ್ನು ಕೊಟ್ಟು ವ್ಯಾಲೆಟ್ಟಿನ ಗುಪ್ತಪದಗಳನ್ನು ತಿಳಿಸಿದರೆ ಸಿಕ್ಕಿಕೊಂಡ ಹಣವನ್ನು ಬಿಡಿಸಿಕೊಡುವುದಾಗಿ ಹೇಳಿದ್ದನು. ನಮ್ಮ ಹುಡುಗನು ಅದಕ್ಕೆ ಒಪ್ಪುವುದರಲ್ಲಿದ್ದನು. ಅದೃಷ್ಟವಶಾತ್ ಅದಕ್ಕೆ ಮುಂಚೆ ಒಂದು ಮಾತು ಕೇಳಿಹೋಗೋಣವೆಂದು ಬಂದಿದ್ದನು.

ಅವನ ಹಣ ಎಲ್ಲಿಗೂ ಹೋಗಿರಲಿಲ್ಲ. ಅದು ಏಕೆ ತಡವಾಯಿತು, ಶುಲ್ಕ ಏಕೆ ಏರಿತು, ಇಂತಹ ಸಮಯದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ. ವಿಷಯ ಹಣದ್ದಾದರೂ ಅದರ ಒಳಗಿರುವ ನಿಯಮಗಳು ಭೌತವಿಜ್ಞಾನದ ವಿದ್ಯಾರ್ಥಿಗೆ ಅಪರಿಚಿತವಲ್ಲ.

ಎಲ್ಲರ ಕೈಯಲ್ಲಿರುವ ಲೆಕ್ಕದ ಪುಸ್ತಕ

ಬ್ಯಾಂಕಿನಲ್ಲಿ ನಮ್ಮ ಹಣದ ಲೆಕ್ಕವನ್ನು ಬ್ಯಾಂಕು ಬರೆದಿಡುತ್ತದೆ. ಪುಸ್ತಕ ಅವರದು, ನಂಬಿಕೆ ನಮ್ಮದು. ೨೦೦೮ರ ಅಕ್ಟೋಬರ್ ೩೧ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಒಂದು ಚಿಕ್ಕ ಲೇಖನವು ಬೇರೊಂದು ಕ್ರಮವನ್ನು ಸೂಚಿಸಿತು. ಅದರ ಪ್ರಕಾರ ಲೆಕ್ಕದ ಪುಸ್ತಕವು ಯಾವೊಬ್ಬನದೂ ಅಲ್ಲ. ಜಗತ್ತಿನ ನಾನಾ ಕಡೆಗಳಲ್ಲಿರುವ ಸಾವಿರಾರು ಗಣಕಯಂತ್ರಗಳು ಒಂದೇ ಪುಸ್ತಕದ ಪ್ರತಿಗಳನ್ನು ಇಟ್ಟುಕೊಂಡು, ಪ್ರತಿಯೊಂದು ವ್ಯವಹಾರವನ್ನೂ ತಾವೇ ತಾಳೆನೋಡುತ್ತವೆ. ಈ ಪುಸ್ತಕದ ಮೊದಲನೆಯ ಪುಟವು ೨೦೦೯ರ ಜನವರಿ ೩ರಂದು ಹುಟ್ಟಿತು. ಪುಟಕ್ಕೆ ಬ್ಲಾಕ್ ಎಂದು ಹೆಸರು.

ಹೊಸ ಪುಟವನ್ನು ಬರೆಯುವ ಅಧಿಕಾರವು ಒಂದು ಪಂದ್ಯದಿಂದ ನಿರ್ಧಾರವಾಗುತ್ತದೆ. ಪಂದ್ಯದಲ್ಲಿ ತೊಡಗಿದ ಯಂತ್ರಗಳು ಒಂದು ಕಠಿನವಾದ ಲೆಕ್ಕದ ಉತ್ತರವನ್ನು ಊಹಿಸಿ ಊಹಿಸಿ ಹುಡುಕುತ್ತಿರುತ್ತವೆ. ಉತ್ತರ ಸಿಕ್ಕಿದವನು ಪುಟವನ್ನು ಬರೆಯುತ್ತಾನೆ. ಅದಕ್ಕಾಗಿ ಹೊಸ ನಾಣ್ಯವನ್ನೂ, ಆ ಪುಟದಲ್ಲಿ ಸೇರಿದ ವ್ಯವಹಾರಗಳ ಶುಲ್ಕವನ್ನೂ ಪಡೆಯುತ್ತಾನೆ. ಇವರನ್ನು ಗಣಿಗಾರರೆಂದು ಕರೆಯುವ ವಾಡಿಕೆ.

ಸರಾಸರಿ ಹತ್ತು ನಿಮಿಷಗಳಿಗೆ ಒಂದು ಪುಟ ಹುಟ್ಟಬೇಕೆಂಬುದು ನಿಯಮ. ಗಣಿಗಾರರು ಹೆಚ್ಚಿದರೆ ಪುಟಗಳೂ ಬೇಗ ಬೇಗ ಹುಟ್ಟಬೇಕಲ್ಲವೆ ಎಂದು ವಾಚಕರು ಕೇಳಬಹುದು. ಹಾಗೆ ಆಗುವುದಿಲ್ಲ. ಪ್ರತಿ ೨,೦೧೬ ಪುಟಗಳಿಗೊಮ್ಮೆ, ಎಂದರೆ ಸುಮಾರು ಎರಡು ವಾರಗಳಿಗೊಮ್ಮೆ, ಜಾಲವು ಪಂದ್ಯದ ಕಾಠಿನ್ಯವನ್ನು ತಾನಾಗಿಯೇ ಸರಿಪಡಿಸಿಕೊಂಡು ಮತ್ತೆ ಹತ್ತು ನಿಮಿಷಗಳ ಸರಾಸರಿಗೆ ಬರುತ್ತದೆ. ಆದುದರಿಂದ ಯಂತ್ರಗಳನ್ನು ಎಷ್ಟು ಹೆಚ್ಚಿಸಿದರೂ ಪುಸ್ತಕದ ಪುಟಗಳು ಹೆಚ್ಚುವುದಿಲ್ಲ. ನಮ್ಮ ವಿಷಯಕ್ಕೆ ಇದೇ ಮೂಲವಾದ ಅಂಶ.

ತೂಬಿನ ಅಳತೆ

ಹುಲಿಯೂರುದುರ್ಗದಿಂದ ಕುಣಿಗಲ್ಲಿಗೆ ಹೋದವರೆಲ್ಲರೂ ಅಲ್ಲಿನ ದೊಡ್ಡ ಕೆರೆಯನ್ನು ಬಲ್ಲರು. ಜನಪದ ಗೀತೆಯ ಮೂಲಕ ಅದು ನಾಡಿಗೆಲ್ಲ ಪರಿಚಿತ. ಅಂತಹ ಯಾವುದೊಂದು ಕೆರೆಯನ್ನಾದರೂ ನೆನೆದುಕೊಳ್ಳೋಣ. ಹಳ್ಳಗಳಿಂದ ನೀರು ಬರುತ್ತದೆ. ತೂಬಿನಿಂದ ಹೊರಗೆ ಹರಿಯುತ್ತದೆ. ಬರುವ ನೀರು ತೂಬಿನ ಅಳತೆಗಿಂತ ಕಡಿಮೆಯಾಗಿರುವವರೆಗೆ ಕೆರೆಯಲ್ಲಿ ನೀರು ನಿಲ್ಲದು. ಬರುವುದು ಹೆಚ್ಚಾದರೆ ಮಟ್ಟ ಏರುತ್ತದೆ. ಇನ್ನೂ ಹೆಚ್ಚಾದರೆ ಕೋಡಿ ಬೀಳುತ್ತದೆ.

ಬಿಟ್‌ಕಾಯಿನ್ ಜಾಲದಲ್ಲಿ ತೂಬಿನ ಸ್ಥಾನವು ಪುಟದ್ದು. ಕಳುಹಿಸಿದ ವ್ಯವಹಾರಗಳು ಪುಟಕ್ಕೆ ಸೇರುವವರೆಗೆ ಪ್ರತಿಯೊಂದು ಯಂತ್ರದ ನೆನಪಿನಲ್ಲಿಯೂ ಕಾದು ನಿಲ್ಲುತ್ತವೆ. ಹೀಗೆ ಕಾಯುವ ಎಡೆಗೆ ಮೆಂಪೂಲ್ ಎಂದು ಹೆಸರು. ಇದೇ ನಮ್ಮ ಕೆರೆ. ಬಹುಪಾಲು ಯಂತ್ರಗಳಲ್ಲಿ ಈ ಕೆರೆಗೆ ೩೦೦ ಮೆಗಾಬೈಟುಗಳ ಮಿತಿಯುಂಟು. ಅದು ತುಂಬಿದೊಡನೆ ಅತಿ ಕಡಿಮೆ ಶುಲ್ಕದ ವ್ಯವಹಾರಗಳು ಕೋಡಿಯ ಮೇಲೆ ಹರಿದುಹೋದಂತೆ ಹೊರಬೀಳುತ್ತವೆ. ಎರಡು ವಾರ ಕಾದರೂ ಎಡೆ ಸಿಕ್ಕದ ವ್ಯವಹಾರವನ್ನೂ ಯಂತ್ರಗಳು ಸಾಮಾನ್ಯವಾಗಿ ಮರೆತುಬಿಡುತ್ತವೆ.

ಆದರೆ ಕೆರೆಗೂ ಇದಕ್ಕೂ ಒಂದು ಭೇದವಿದೆ. ನೀರಿನ ಹನಿಗಳಲ್ಲಿ ಮೇಲು ಕೀಳು ಇಲ್ಲ. ಇಲ್ಲಿಯಾದರೋ ಪ್ರತಿಯೊಂದು ಹನಿಯೂ ತಾನು ಕೊಡಲಿರುವ ಶುಲ್ಕವನ್ನು ಸಾರುತ್ತ ನಿಂತಿರುತ್ತದೆ. ತೂಬಿನ ಬಳಿ ನಿಂತ ನೀರುಗಂಟಿಯಂತೆ ಗಣಿಗಾರನು ಹೆಚ್ಚು ಕೊಡುವವರನ್ನು ಮೊದಲು ಬಿಡುತ್ತಾನೆ. ಮುಂಚೆ ಬಂದವರಿಗೆ ಮುಂಚೆ ಎಂಬ ನ್ಯಾಯ ಇಲ್ಲಿಲ್ಲ. ಶುಲ್ಕವನ್ನು ಯಾರೂ ಗೊತ್ತುಪಡಿಸಿಲ್ಲ. ಅದು ಪ್ರತಿ ಹತ್ತು ನಿಮಿಷಗಳಿಗೊಮ್ಮೆ ನಡೆಯುವ ಹರಾಜಿನ ಬೆಲೆ.

ಪುಟದ ಅಳತೆಯನ್ನೂ ನೋಡೋಣ. ೨೦೧೦ರಲ್ಲಿ ನಕಮೊಟೊ ಪುಟಕ್ಕೆ ಒಂದು ಮೆಗಾಬೈಟಿನ ಮಿತಿಯನ್ನು ಹಾಕಿದನು. ೨೦೧೭ರ ಆಗಸ್ಟ್ ೨೪ರಂದು ಸೆಗ್‌ವಿಟ್ ಎಂಬ ತಿದ್ದುಪಡಿ ಜಾರಿಗೆ ಬಂದು, ವ್ಯವಹಾರದ ಸಹಿಯ ಭಾಗಕ್ಕೆ ನಾಲ್ಕನೆಯ ಒಂದರಷ್ಟೇ ತೂಕವೆಂದು ಲೆಕ್ಕ ಹಾಕುವ ಪದ್ಧತಿ ಬಂದಿತು. ಈ ರಿಯಾಯಿತಿಯನ್ನು ಸೇರಿಸಿ ಎಣಿಸಿದ ಅಳತೆಯನ್ನು ನಾವು ಇಲ್ಲಿ ‘ಲೆಕ್ಕದ ಬೈಟು’ ಎನ್ನೋಣ. ಒಂದು ಪುಟದಲ್ಲಿ ಹತ್ತು ಲಕ್ಷ ಲೆಕ್ಕದ ಬೈಟುಗಳು ಹಿಡಿಯುತ್ತವೆ. ಸೆಗ್‌ವಿಟ್ ಮಾದರಿಯ ಅತಿ ಸಾಧಾರಣವಾದ ಒಂದು ವ್ಯವಹಾರಕ್ಕೆ ಸುಮಾರು ೧೪೧ ಲೆಕ್ಕದ ಬೈಟುಗಳು ಬೇಕು. ಹಾಗಾದರೆ ಪುಟಕ್ಕೆ ಸುಮಾರು ೭,೦೯೦ ವ್ಯವಹಾರಗಳು, ಸೆಕೆಂಡಿಗೆ ಸುಮಾರು ೧೨. ಎಲ್ಲ ವ್ಯವಹಾರಗಳೂ ಅಷ್ಟು ಚಿಕ್ಕವಲ್ಲವಾದುದರಿಂದ ವಾಸ್ತವದಲ್ಲಿ ಇದಕ್ಕೂ ಕಡಿಮೆ.

ಹೋಲಿಕೆಗಾಗಿ ನಮ್ಮ ದೇಶದ ಯುಪಿಐಯನ್ನು ನೋಡಿ. ೨೦೨೩ರ ಆಗಸ್ಟ್ ತಿಂಗಳೊಂದರಲ್ಲಿಯೇ ಅದರ ವ್ಯವಹಾರಗಳು ೧,೦೦೦ ಕೋಟಿಯನ್ನು ಮೀರಿದುವು. ಎಂದರೆ ಸರಾಸರಿ ಸೆಕೆಂಡಿಗೆ ೩,೭೦೦ಕ್ಕಿಂತ ಹೆಚ್ಚು. ಅಲ್ಲಿ ಲೆಕ್ಕವನ್ನು ಕೆಲವೇ ಸಂಸ್ಥೆಗಳು ತಾಳೆನೋಡಿದರೆ ಸಾಕು. ಇಲ್ಲಿ ಎಲ್ಲರೂ ಎಲ್ಲವನ್ನೂ ತಾಳೆನೋಡಬೇಕು. ಯಾರನ್ನೂ ನಂಬಬೇಕಾಗಿಲ್ಲ ಎಂಬ ಸೌಕರ್ಯಕ್ಕೆ ತೆತ್ತ ಬೆಲೆಯೇ ಈ ಕಿರಿದಾದ ತೂಬು.

ಮೂಟೆಗೆ ತಕ್ಕ ಬಾಡಿಗೆ

ಸಂತೆಯ ದಿನ ಬಸ್ಸಿನಲ್ಲಿ ರಾಗಿಯ ಮೂಟೆಯನ್ನು ತಂದವನಿಗೆ ಲಗೇಜಿನ ಬಾಡಿಗೆ ಬೀಳುತ್ತದೆ. ಬೆರಳಿಗೆ ಬೆಲೆಬಾಳುವ ಉಂಗುರವನ್ನು ತೊಟ್ಟವನಿಗೆ ಬೀಳುವುದಿಲ್ಲ. ಕಂಡಕ್ಟರನಿಗೆ ಬೇಕಾದುದು ವಸ್ತುವು ಹಿಡಿಯುವ ಜಾಗದ ಲೆಕ್ಕ, ವಸ್ತುವಿನ ಬೆಲೆಯಲ್ಲ. ಬಿಟ್‌ಕಾಯಿನ್ ಶುಲ್ಕವೂ ಹೀಗೆಯೇ. ಒಂದು ಕೋಟಿ ರೂಪಾಯಿಯ ವ್ಯವಹಾರಕ್ಕೂ ನೂರು ರೂಪಾಯಿಯ ವ್ಯವಹಾರಕ್ಕೂ ಬೈಟುಗಳು ಸಮನಾಗಿದ್ದರೆ ಶುಲ್ಕವೂ ಸಮ.

ಹಾಗಾದರೆ ಮೂಟೆ ದೊಡ್ಡದಾಗುವುದು ಯಾವುದರಿಂದ? ನಮ್ಮ ಕೈಗೆ ಬಂದ ಪ್ರತಿಯೊಂದು ಕಂತೂ ವ್ಯಾಲೆಟ್ಟಿನಲ್ಲಿ ಬೇರೆ ಬೇರೆ ನಾಣ್ಯವಾಗಿಯೇ ಉಳಿಯುತ್ತದೆ, ತಾನಾಗಿ ಕೂಡಿಕೊಳ್ಳುವುದಿಲ್ಲ. ಹಣ ಕಳುಹಿಸುವಾಗ ಪ್ರತಿಯೊಂದು ನಾಣ್ಯಕ್ಕೂ ಬೇರೆ ಸಹಿ ಬೇಕು. ಸೆಗ್‌ವಿಟ್ ಮಾದರಿಯಲ್ಲಿ ಒಳಬರುವ ಪ್ರತಿಯೊಂದು ನಾಣ್ಯಕ್ಕೆ ಸುಮಾರು ೬೮, ಹೊರಹೋಗುವ ಪ್ರತಿಯೊಂದು ಭಾಗಕ್ಕೆ ೩೧, ತಲೆಬರಹಕ್ಕೆ ೧೧ ಲೆಕ್ಕದ ಬೈಟುಗಳೆಂದು ಇಟ್ಟುಕೊಳ್ಳಬಹುದು. ಹೊರಹೋಗುವ ಭಾಗಗಳು ಸಾಮಾನ್ಯವಾಗಿ ಎರಡು: ಒಂದು ಪಡೆಯುವವನಿಗೆ, ಇನ್ನೊಂದು ಉಳಿದ ಚಿಲ್ಲರೆ ಮರಳಿ ನಮಗೆ.

ನಮ್ಮ ವಿದ್ಯಾರ್ಥಿಯ ವ್ಯವಹಾರದಲ್ಲಿ ಹನ್ನೆರಡು ನಾಣ್ಯಗಳು ಸೇರಿದ್ದುವು. ಅದರ ಅಳತೆ ೧೨ × ೬೮ + ೨ × ೩೧ + ೧೧ = ೮೮೯; ಸುಲಭಕ್ಕಾಗಿ ೮೯೦ ಎನ್ನೋಣ. ಒಂದೇ ನಾಣ್ಯವಿದ್ದಿದ್ದರೆ ೧೪೧ ಸಾಕಾಗುತ್ತಿದ್ದಿತು. ಶುಲ್ಕವನ್ನು ಲೆಕ್ಕದ ಬೈಟಿಗೆ ಇಷ್ಟು ಸತೋಶಿ ಎಂದು ಹೇಳುವುದು ರೂಢಿ. ಒಂದು ಬಿಟ್‌ಕಾಯಿನ್ನಿನ ಹತ್ತು ಕೋಟಿಯ ಒಂದು ಭಾಗವೇ ಒಂದು ಸತೋಶಿ. ಆಗಿನ ಬೆಲೆ ಸುಮಾರು ೨೩ ಲಕ್ಷ ರೂಪಾಯಿ. ಒಂದು ಸತೋಶಿಗೆ ೨.೩ ಪೈಸೆ ಆಯಿತು.

ಅವನು ಹಿಂದಿನ ಅಭ್ಯಾಸದಂತೆ ೨೦ರ ದರವನ್ನು ಹಾಕಿದ್ದನು. ೮೯೦ × ೨೦ = ೧೭,೮೦೦ ಸತೋಶಿ, ಸುಮಾರು ೪೦೯ ರೂಪಾಯಿ. ಅದೇ ದಿನಗಳಲ್ಲಿ ಮುಂದಿನ ಪುಟಕ್ಕೆ ಸೇರಲು ಜಾಲವು ೩೦೦ರ ಆಸುಪಾಸಿನ ದರವನ್ನು ಕೇಳುತ್ತಿತ್ತು. ಆ ದರದಲ್ಲಿ ೨,೬೭,೦೦೦ ಸತೋಶಿ, ಎಂದರೆ ೬,೧೪೧ ರೂಪಾಯಿ! ಇಪ್ಪತ್ತು ಸಾವಿರದಲ್ಲಿ ಮೂರನೆಯ ಒಂದು ಭಾಗಕ್ಕೆ ಸ್ವಲ್ಪವೇ ಕಡಿಮೆ. ಕೋಟಿ ರೂಪಾಯಿಯನ್ನು ಒಂದೇ ನಾಣ್ಯವಾಗಿ ಇಟ್ಟುಕೊಂಡ ಧನಿಕನು ಅದೇ ಗಳಿಗೆಯಲ್ಲಿ ಸಾವಿರ ರೂಪಾಯಿಯೊಳಗೆ ಪಾರಾಗುತ್ತಿದ್ದನು.

ಇನ್ನೂ ಒಂದು ವಿಚಿತ್ರವುಂಟು. ೩೦೦ರ ದರದಲ್ಲಿ ಒಂದು ನಾಣ್ಯವನ್ನು ವ್ಯವಹಾರಕ್ಕೆ ಸೇರಿಸಲು ತಗಲುವ ವೆಚ್ಚವೇ ೬೮ × ೩೦೦ = ೨೦,೪೦೦ ಸತೋಶಿ, ಸುಮಾರು ೪೬೯ ರೂಪಾಯಿ. ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯವು ಜೇಬಿನಲ್ಲಿದ್ದೂ ಇಲ್ಲದಂತೆಯೇ. ಸಂದಣಿಯ ಭಾರವು ಬಡವನ ಮೇಲೆ ಹೆಚ್ಚಾಗಿ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಸಾಲು ಹಠಾತ್ತನೆ ಬೆಳೆಯುವುದೇಕೆ?

ಮೊನ್ನೆ ಇದ್ದ ಶುಲ್ಕವು ಇಂದು ಹದಿನೈದು ಪಟ್ಟು ಏರುವುದೆಂತು? ಬಳಕೆಯೂ ಹದಿನೈದು ಪಟ್ಟು ಏರಿತೆ? ಇಲ್ಲ. ಈ ಒಗಟನ್ನು ಬಿಡಿಸಿದ ಶಾಸ್ತ್ರಕ್ಕೆ ನೂರು ವರ್ಷಗಳಿಗೂ ಮೀರಿದ ವಯಸ್ಸು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಅಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಡೇನಿಷ್ ಗಣಿತಜ್ಞನು ೧೯೦೯ರಲ್ಲಿ ಟೆಲಿಫೋನ್ ಕರೆಗಳ ದಟ್ಟಣೆಯನ್ನು ಸಂಭವನೀಯತೆಯ ಗಣಿತದಿಂದ ವಿವರಿಸಿದನು. ಸಾಲುಗಳ ಸಿದ್ಧಾಂತವು ಅಲ್ಲಿಂದ ಬೆಳೆಯಿತು.

ಅತಿ ಸರಳವಾದ ಸಾಲನ್ನು ತೆಗೆದುಕೊಳ್ಳೋಣ: ಗಿರಾಕಿಗಳು ಗೊತ್ತುಗುರಿಯಿಲ್ಲದೆ ಬರುತ್ತಾರೆ, ಒಂದೇ ಕಿಟಕಿಯಿದೆ. ಕಿಟಕಿಯ ಸಾಮರ್ಥ್ಯದಲ್ಲಿ ಎಷ್ಟು ಅಂಶ ಬಳಕೆಯಲ್ಲಿದೆಯೋ ಅದನ್ನು ‘ಭಾರ’ ಎನ್ನೋಣ. ಆಗ ಅಲ್ಲಿರುವವರ ಸರಾಸರಿ ಸಂಖ್ಯೆಯು, ಭಾರವನ್ನು (೧ − ಭಾರ) ಎಂಬುದರಿಂದ ಭಾಗಿಸಿದಾಗ ಸಿಕ್ಕುತ್ತದೆ. ಭಾರ ೦.೫ ಆದರೆ ೧ ಗಿರಾಕಿ, ೦.೮ ಆದರೆ ೪, ೦.೯ ಆದರೆ ೯, ೦.೯೫ ಆದರೆ ೧೯, ೦.೯೯ ಆದರೆ ೯೯. ಕಡೆಯ ಎರಡನ್ನು ಗಮನಿಸಿ. ಬಳಕೆ ನೂರಕ್ಕೆ ನಾಲ್ಕರಷ್ಟು ಮಾತ್ರ ಹೆಚ್ಚಿದಾಗ ಸಾಲು ಐದು ಪಟ್ಟಿಗೂ ಮೀರಿತು! ಪುಟಗಳ ಜಾಲಕ್ಕೆ ಸೂತ್ರವು ಸ್ವಲ್ಪ ಬೇರೆಯಾದರೂ ಸ್ವಭಾವ ಇದೇ. ತುಂಬಿದ ತೂಬಿನ ಅಂಚಿನಲ್ಲಿ ಸಣ್ಣ ಮಳೆಯೂ ದೊಡ್ಡ ಪ್ರವಾಹವಾಗುತ್ತದೆ.

ಇದಲ್ಲದೆ, ಪುಟಗಳು ಗಡಿಯಾರದಂತೆ ಬರುವುದಿಲ್ಲ. ಯಾವ ಕ್ಷಣದಲ್ಲಿ ಉತ್ತರ ಸಿಕ್ಕುವುದೆಂಬುದು ವಿಕಿರಣಶೀಲ ಪರಮಾಣುವು ಯಾವ ಕ್ಷಣದಲ್ಲಿ ಒಡೆಯುವುದೆಂಬಷ್ಟೇ ಅನಿಶ್ಚಿತ. ಎರಡಕ್ಕೂ ನಿಯಮ ಒಂದೇ. ಸರಾಸರಿ ಹತ್ತು ನಿಮಿಷವಾದರೆ, ಮೂವತ್ತು ನಿಮಿಷಗಳವರೆಗೆ ಒಂದು ಪುಟವೂ ಬಾರದಿರುವ ಸಂಭವವು ಇ ಎಂಬ ಸ್ಥಿರಾಂಕದ ಮೈನಸ್ ಮೂರನೆಯ ಘಾತ, ಎಂದರೆ ನೂರಕ್ಕೆ ಸುಮಾರು ೫. ದಿನಕ್ಕೆ ೧೪೪ ಪುಟಗಳಾದುದರಿಂದ ಇಂತಹ ವಿಳಂಬವು ದಿನಕ್ಕೆ ಏಳು ಬಾರಿ ಆದರೂ ಆಶ್ಚರ್ಯವಿಲ್ಲ. ಒಂದು ಗಂಟೆಯ ವಿಳಂಬವು ಸುಮಾರು ನಾನೂರು ಪುಟಗಳಿಗೊಮ್ಮೆ, ಎಂದರೆ ಮೂರು ದಿನಗಳಿಗೊಮ್ಮೆ ಸಂಭವಿಸಬಹುದು. ಅರ್ಧ ಗಂಟೆ ಕಾದವನಿಗೆ ‘ಇನ್ನು ಬಂದೇ ಬರುತ್ತದೆ’ ಎಂಬ ಭರವಸೆಗೂ ಆಧಾರವಿಲ್ಲ. ಪರಮಾಣುವಿನಂತೆ ಈ ಪಂದ್ಯಕ್ಕೂ ಹಿಂದಿನ ನೆನಪಿಲ್ಲ.

ಸಂದಣಿಯ ಕೆಲವು ದಿನಗಳು

೨೦೧೭ರ ಡಿಸೆಂಬರ್ ತಿಂಗಳಲ್ಲಿ ಬಿಟ್‌ಕಾಯಿನ್ನಿನ ಬೆಲೆ ಏರಿ ಜನರು ಮುಗಿಬಿದ್ದಾಗ ಒಂದು ವ್ಯವಹಾರದ ಸರಾಸರಿ ಶುಲ್ಕವು ೫೦ ಡಾಲರುಗಳನ್ನು ಮೀರಿತು. ಅದೇ ವೇಳೆಯಲ್ಲಿ ಇಥೀರಿಯಂ ಎಂಬ ಇನ್ನೊಂದು ಜಾಲದಲ್ಲಿ ಚಿತ್ರದ ಬೆಕ್ಕುಗಳನ್ನು ಕೊಂಡು ಮಾರುವ ಕ್ರಿಪ್ಟೊಕಿಟೀಸ್ ಎಂಬ ಆಟವೊಂದೇ ದಾರಿಯನ್ನು ಕಟ್ಟಿಹಾಕಿತು.

೨೦೨೩ರ ಜನವರಿಯಲ್ಲಿ ಬಿಟ್‌ಕಾಯಿನ್ ಪುಟಗಳೊಳಗೆ ಚಿತ್ರ ಮತ್ತು ಬರಹಗಳನ್ನು ಕೆತ್ತುವ ಆರ್ಡಿನಲ್ಸ್ ಎಂಬ ಪದ್ಧತಿ ಬಂದಿತು. ಸಹಿಯ ಭಾಗಕ್ಕೆ ಕೊಟ್ಟ ರಿಯಾಯಿತಿಯೇ ಈ ಕೆತ್ತನೆಗಳಿಗೆ ಅಗ್ಗದ ಜಾಗವಾಯಿತು. ಮಾರ್ಚ್ ತಿಂಗಳಲ್ಲಿ ಅದರ ಆಧಾರದ ಮೇಲೆ ಹೊಸ ಟೋಕನ್ನುಗಳು ಹುಟ್ಟಿದುವು. ಮೇ ತಿಂಗಳ ಮೊದಲ ಭಾಗದಲ್ಲಿ ಸರಾಸರಿ ಶುಲ್ಕವು ಸುಮಾರು ೩೦ ಡಾಲರಿಗೆ ಏರಿತು. ನಮ್ಮ ವಿದ್ಯಾರ್ಥಿಯ ಹಣ ಸಿಕ್ಕಿಕೊಂಡದ್ದು ಈ ಪ್ರವಾಹದಲ್ಲಿ. ಮತ್ತೆ ೨೦೨೪ರ ಏಪ್ರಿಲ್ ೨೦ರಂದು ರೂನ್ಸ್ ಎಂಬ ಇನ್ನೊಂದು ಪದ್ಧತಿ ಆರಂಭವಾದ ದಿನ ಸರಾಸರಿ ಶುಲ್ಕವು ೧೨೦ ಡಾಲರುಗಳನ್ನೂ ದಾಟಿತು. ಇಂತಹ ಪ್ರವಾಹಗಳೆಲ್ಲ ಕೆಲವು ದಿನ ಅಥವಾ ವಾರಗಳಲ್ಲಿ ಇಳಿದುವೆಂಬುದನ್ನು ಮರೆಯಬಾರದು.

ತೂಬನ್ನೇ ದೊಡ್ಡದು ಮಾಡಬಾರದೆ?

ಈ ಪ್ರಶ್ನೆಯ ಮೇಲೆ ೨೦೧೫ರಿಂದ ೨೦೧೭ರವರೆಗೆ ದೊಡ್ಡ ವಾದವೇ ನಡೆಯಿತು. ಒಂದು ಪಕ್ಷದವರು ೨೦೧೭ರ ಆಗಸ್ಟ್ ೧ರಂದು ಬೇರೆಯಾಗಿ, ೮ ಮೆಗಾಬೈಟುಗಳ ಪುಟವುಳ್ಳ ಬಿಟ್‌ಕಾಯಿನ್ ಕ್ಯಾಷ್ ಎಂಬ ಜಾಲವನ್ನು ಕಟ್ಟಿಕೊಂಡರು. ಇನ್ನೊಂದು ಪಕ್ಷದವರು ಹೇಳಿದುದು ಇಷ್ಟು: ಪುಟ ದೊಡ್ಡದಾದಂತೆ ಪುಸ್ತಕವೂ ದಪ್ಪವಾಗುತ್ತದೆ. ಒಂದು ಮೆಗಾಬೈಟಿನ ಪುಟದಿಂದ ವರ್ಷಕ್ಕೆ ೫೨ ಗಿಗಾಬೈಟುಗಳಿಗೂ ಮೇಲಾಗುತ್ತದೆ. ನೂರು ಮೆಗಾಬೈಟಾದರೆ ವರ್ಷಕ್ಕೆ ೫,೨೦೦ಕ್ಕೂ ಮೇಲು. ಅದನ್ನು ಇಟ್ಟುಕೊಂಡು ತಾಳೆನೋಡಲು ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯ. ಸಾಮಾನ್ಯನು ತನ್ನ ಮನೆಯ ಯಂತ್ರದಲ್ಲಿ ಲೆಕ್ಕ ನೋಡಲಾರದೆ ಹೋದ ದಿನ, ಮತ್ತೆ ಪರರ ಪುಸ್ತಕವನ್ನು ನಂಬುವ ಸ್ಥಿತಿಗೇ ಮರಳಿದಂತಾಯಿತು.

ಶುಲ್ಕಕ್ಕೆ ಇನ್ನೊಂದು ಕಾರ್ಯವೂ ಉಂಟು. ಗಣಿಗಾರನಿಗೆ ದೊರೆಯುವ ಹೊಸ ನಾಣ್ಯವು ೨,೧೦,೦೦೦ ಪುಟಗಳಿಗೊಮ್ಮೆ ಅರ್ಧವಾಗುತ್ತದೆ. ಆರಂಭದಲ್ಲಿ ಪುಟಕ್ಕೆ ೫೦ ಇದ್ದುದು ೨೦೨೪ರ ಏಪ್ರಿಲಿನಲ್ಲಿ ೩.೧೨೫ಕ್ಕೆ ಇಳಿಯಿತು. ಕಾಲಕ್ರಮದಲ್ಲಿ ಪುಸ್ತಕದ ಕಾವಲಿಗೆ ಶುಲ್ಕವೊಂದೇ ಸಂಬಳವಾಗಬೇಕಾಗಿದೆ. ಆದುದರಿಂದ ಶುಲ್ಕವು ಪೂರ್ಣವಾಗಿ ಇಲ್ಲವಾಗುವುದೂ ಜಾಲಕ್ಕೆ ಕ್ಷೇಮವಲ್ಲ.

ಬಳಸುವವನು ಮಾಡಬಹುದಾದುದು

ಮೊದಲನೆಯ ಉಪಾಯ ಕಾಯುವುದು. ಅವಸರವಿಲ್ಲದಿದ್ದರೆ ಇದಕ್ಕಿಂತ ಅಗ್ಗವಾದುದಿಲ್ಲ. ಪುಟದಲ್ಲಿ ಬರೆಯುವವರೆಗೆ ನಾಣ್ಯವು ಕಳುಹಿಸಿದವನ ಹೆಸರಿನಲ್ಲಿಯೇ ಇರುತ್ತದೆ. “ನಡುವೆ ಎಲ್ಲಿಗೆ ಹೋಯಿತು?” ಎಂಬ ಪ್ರಶ್ನೆಗೆ ಇದೇ ಉತ್ತರ. ಅದು ಹೊರಟೇ ಇಲ್ಲ. ಹೊರಡುತ್ತೇನೆಂಬ ಚೀಟಿ ಮಾತ್ರ ಸಾಲಿನಲ್ಲಿ ನಿಂತಿದೆ.

ಎರಡನೆಯದು, ಚೀಟಿಯನ್ನು ಬದಲಾಯಿಸುವುದು. ಅದೇ ನಾಣ್ಯಗಳನ್ನು ಬಳಸಿ ಹೆಚ್ಚು ಶುಲ್ಕದ ಹೊಸ ಚೀಟಿಯನ್ನು ಕಳುಹಿಸಿದರೆ ಗಣಿಗಾರನು ಅದನ್ನು ಆರಿಸಿಕೊಳ್ಳುತ್ತಾನೆ. ಅನೇಕ ವ್ಯಾಲೆಟ್ಟುಗಳಲ್ಲಿ ಶುಲ್ಕವನ್ನು ಹೆಚ್ಚಿಸುವ ಈ ಸೌಕರ್ಯವಿದೆ. ನಾಣ್ಯಗಳು ಅವೇ ಆಗಿರಬೇಕೆಂಬುದು ಮುಖ್ಯ. ಒಂದು ನಾಣ್ಯವು ಎರಡು ಬಾರಿ ಖರ್ಚಾಗದಾದುದರಿಂದ ಎರಡು ಚೀಟಿಗಳಲ್ಲಿ ಒಂದೇ ಸಲ್ಲುತ್ತದೆ. ಗಾಬರಿಯಿಂದ ಬೇರೆ ನಾಣ್ಯಗಳನ್ನು ಕಳುಹಿಸಿದರೆ, ಮುಂದೆ ಎರಡೂ ಸಂದಾಯವಾಗಿಬಿಡಬಹುದು.

ಮೂರನೆಯದು, ಮಗುವಿನ ಮೂಲಕ ತಾಯಿಯನ್ನು ಎಳೆಯುವುದು. ಕಾಯುತ್ತಿರುವ ವ್ಯವಹಾರದಿಂದ ಬರಬೇಕಾದ ನಾಣ್ಯವನ್ನೇ ಮತ್ತೊಂದು ವ್ಯವಹಾರದಲ್ಲಿ ಹೆಚ್ಚು ಶುಲ್ಕಕ್ಕೆ ಖರ್ಚು ಮಾಡುವುದು. ತಾಯಿಯಿಲ್ಲದೆ ಮಗು ಸಲ್ಲದಾದುದರಿಂದ ಗಣಿಗಾರನು ಎರಡನ್ನೂ ಒಟ್ಟಿಗೆ ತೂಗುತ್ತಾನೆ. ತಾಯಿ ೮೯೦ ಲೆಕ್ಕದ ಬೈಟು, ೧೭,೮೦೦ ಸತೋಶಿ. ಮಗು ೧೧೦ ಲೆಕ್ಕದ ಬೈಟು ಎಂದಿಟ್ಟುಕೊಳ್ಳಿ. ಒಟ್ಟು ೧,೦೦೦ಕ್ಕೆ ೬೦ರ ದರ ಬರಬೇಕಾದರೆ ೬೦,೦೦೦ ಸತೋಶಿ ಬೇಕು; ಮಗುವು ೪೨,೨೦೦ನ್ನು ಹೊರಬೇಕು. ಹಣ ಪಡೆಯುವವನೂ ಮಾಡಬಹುದಾದ ಉಪಾಯವಿದು.

ನಾಲ್ಕನೆಯದು ಮುಂದಾಲೋಚನೆ. ಜಾಲವು ಬಿಡುವಾಗಿರುವಾಗ ಸಣ್ಣ ನಾಣ್ಯಗಳನ್ನು ನಮಗೆ ನಾವೇ ಕಳುಹಿಸಿ ಒಂದಾಗಿ ಕೂಡಿಸಿಟ್ಟುಕೊಳ್ಳುವುದು. ೨ರ ದರದಲ್ಲಿ ಹನ್ನೆರಡು ನಾಣ್ಯಗಳನ್ನು ಕೂಡಿಸಲು ೮೫೮ × ೨ = ೧,೭೧೬ ಸತೋಶಿ. ಬಳಿಕ ೩೦೦ರ ದರವಿರುವ ದಿನ ಕಳುಹಿಸಿದರೂ ೧೪೧ × ೩೦೦ = ೪೨,೩೦೦ ಮಾತ್ರ. ೨,೬೭,೦೦೦ ಎಲ್ಲಿ, ಎರಡೂ ಸೇರಿ ೪೪,೦೧೬ ಎಲ್ಲಿ! ಆದರೆ ಹೀಗೆ ಕೂಡಿಸಿದಾಗ ಆ ನಾಣ್ಯಗಳೆಲ್ಲ ಒಬ್ಬನವೇ ಎಂಬುದು ಪುಸ್ತಕವನ್ನು ನೋಡುವವರಿಗೆ ತಿಳಿಯುತ್ತದೆ.

ಐದನೆಯದು ಸಂಸ್ಥೆಗಳಿಗೆ ಸೇರಿದುದು. ನೂರು ಮಂದಿಗೆ ನೂರು ವ್ಯವಹಾರಗಳನ್ನು ಮಾಡಿದರೆ ೧೪,೧೦೦ ಲೆಕ್ಕದ ಬೈಟುಗಳು. ಒಂದೇ ನಾಣ್ಯದಿಂದ ನೂರು ಭಾಗಗಳನ್ನು ಒಂದೇ ವ್ಯವಹಾರದಲ್ಲಿ ಕಳುಹಿಸಿದರೆ ೩,೧೭೯. ಒಬ್ಬೊಬ್ಬರಿಗೆ ಒಂದೊಂದು ಕಾರನ್ನು ಕಳುಹಿಸುವುದಕ್ಕೂ ಒಂದು ಬಸ್ಸನ್ನು ಕಳುಹಿಸುವುದಕ್ಕೂ ಇರುವಷ್ಟು ಅಂತರ.

ಪುಸ್ತಕದ ಹೊರಗಿನ ಲೆಕ್ಕ

ನಮ್ಮ ಊರುಗಳಲ್ಲಿ ದಿನಸಿ ಅಂಗಡಿಯಿಂದ ತಿಂಗಳೆಲ್ಲ ಸಾಮಾನು ತಂದು, ಚೀಟಿಯಲ್ಲಿ ಬರೆಸಿ, ಸಂಬಳದ ದಿನ ಒಮ್ಮೆಗೇ ಲೆಕ್ಕ ತೀರಿಸುವುದುಂಟು. ಲೈಟ್ನಿಂಗ್ ಜಾಲದ ತಿರುಳು ಇದೇ. ಜೋಸೆಫ್ ಪೂನ್ ಮತ್ತು ಥಾಡಿಯಸ್ ಡ್ರೈಜಾ ಎಂಬವರು ಸೂಚಿಸಿದ ಇದು ೨೦೧೮ರಲ್ಲಿ ಬಳಕೆಗೆ ಬಂದಿತು. ಇಬ್ಬರು ಸ್ವಲ್ಪ ಹಣವನ್ನು ಜಂಟಿಯಾಗಿ ಮುಖ್ಯ ಪುಸ್ತಕದಲ್ಲಿ ಕಟ್ಟಿಡುತ್ತಾರೆ. ಅನಂತರದ ಕೊಡುಕೊಳ್ಳುವಿಕೆಯನ್ನು ಸಹಿ ಮಾಡಿದ ಚೀಟಿಗಳಿಂದ ತಮ್ಮತಮ್ಮಲ್ಲೇ ಸರಿಪಡಿಸಿಕೊಳ್ಳುತ್ತಾರೆ. ಆರಂಭ ಮತ್ತು ಮುಕ್ತಾಯ ಎರಡು ಮಾತ್ರ ಪುಸ್ತಕಕ್ಕೆ ಏರುತ್ತವೆ. ಸಣ್ಣ ಪಾವತಿಗೆ ಇದು ಅನುಕೂಲ. ಆದರೆ ಹಣವನ್ನು ಮುಂಚಿತವಾಗಿ ಕಟ್ಟಿಡಬೇಕು. ಖಾತೆಯನ್ನು ತೆರೆಯುವಾಗಲೂ ಮುಚ್ಚುವಾಗಲೂ ಆ ದಿನದ ಶುಲ್ಕ ತಗಲುತ್ತದೆ.

ಇಥೀರಿಯಂ ಜಾಲದವರು ೨೦೨೧ರ ಆಗಸ್ಟ್ ೫ರಂದು ಮತ್ತೊಂದು ಕ್ರಮವನ್ನು ತಂದರು. ಅಲ್ಲಿ ಮೂಲ ಶುಲ್ಕವನ್ನು ಜಾಲವೇ ಗೊತ್ತುಪಡಿಸುತ್ತದೆ. ಪುಟ ಪೂರ್ಣ ತುಂಬಿದರೆ ಮುಂದಿನ ಪುಟಕ್ಕೆ ಅದು ನೂರಕ್ಕೆ ೧೨.೫ರಷ್ಟು ಏರುತ್ತದೆ, ಬರಿದಾದರೆ ಅಷ್ಟೇ ಇಳಿಯುತ್ತದೆ. ಹಬೆಯಂತ್ರದ ವೇಗವನ್ನು ಹಿಡಿತದಲ್ಲಿಡುವ ಗವರ್ನರಿನಂತೆ ಇದೂ ಪ್ರತಿಪೋಷಣೆಯ ಉಪಾಯ. ಇದರಿಂದ ಶುಲ್ಕವನ್ನು ಊಹಿಸುವ ಕಷ್ಟ ತಗ್ಗಿತು. ಆದರೆ ತೂಬು ಅಗಲವಾಗಲಿಲ್ಲ. ೨೦೨೪ರ ಮಾರ್ಚ್ ೧೩ರಂದು, ಹೊರಗಿನ ಜಾಲಗಳಲ್ಲಿ ಲೆಕ್ಕ ಮಾಡಿ ಅದರ ಸಾರವನ್ನು ಮಾತ್ರ ಅಗ್ಗವಾಗಿ ತಂದೊಪ್ಪಿಸುವ ಏರ್ಪಾಡಾದ ಮೇಲೆ ಆ ಹೊರಜಾಲಗಳ ಶುಲ್ಕವು ಬಹಳ ಇಳಿಯಿತು.

ಉಪಸಂಹಾರ

ನಮ್ಮ ವಿದ್ಯಾರ್ಥಿಯ ಕಥೆಯನ್ನು ಮುಗಿಸೋಣ. “ಆ ಅಪರಿಚಿತನಿಗೆ ಉತ್ತರವನ್ನೇ ಕೊಡಬೇಡ. ಗುಪ್ತಪದಗಳು ಪೆಟ್ಟಿಗೆಯ ಬೀಗದ ಕೈ ಇದ್ದಂತೆ, ಅವನ್ನು ಕೇಳುವವನು ಹಣವನ್ನು ಬಿಡಿಸುವವನಲ್ಲ, ಒಯ್ಯುವವನು” ಎಂದು ನಾವು ಹೇಳಿದೆವು. ಗಣಿಗಾರನೂ ಶುಲ್ಕವನ್ನಷ್ಟೇ ನೋಡುತ್ತಾನಲ್ಲದೆ ಯಾರ ಗುಪ್ತಪದವನ್ನೂ ಕೇಳುವುದಿಲ್ಲ. ಹುಡುಗನು ಕಾಲೇಜಿನಲ್ಲಿ ಕೆಲವು ದಿನಗಳ ಗಡುವನ್ನು ಕೇಳಿಕೊಂಡನು. ಸುಮಾರು ಒಂದು ವಾರದ ಬಳಿಕ ಸಂದಣಿ ಇಳಿದಾಗ ೬೦ರ ದರದಲ್ಲಿ ಚೀಟಿಯನ್ನು ಬದಲಾಯಿಸಿದನು. ೫೩,೪೦೦ ಸತೋಶಿ, ೧,೨೨೮ ರೂಪಾಯಿ ತಗಲಿತು, ಹಣ ತಲುಪಿತು. ಅವಸರಪಟ್ಟಿದ್ದರೆ ಆರು ಸಾವಿರ, ಮೋಸಹೋಗಿದ್ದರೆ ಎಲ್ಲವೂ ಹೋಗುತ್ತಿದ್ದಿತು.

ಈ ನಾಣ್ಯಗಳನ್ನು ಕೊಳ್ಳಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ನಮ್ಮ ದೇಶದಲ್ಲಿ ಇವು ಕಾನೂನು ಒಪ್ಪಿದ ಚಲಾವಣೆಯ ನಾಣ್ಯಗಳಲ್ಲ. ರಿಸರ್ವ್ ಬ್ಯಾಂಕು ೨೦೧೩ರ ಡಿಸೆಂಬರಿನಲ್ಲಿಯೇ ಇವುಗಳ ಅಪಾಯದ ಬಗೆಗೆ ಜನರನ್ನು ಎಚ್ಚರಿಸಿತು. ೨೦೧೮ರ ಏಪ್ರಿಲಿನಲ್ಲಿ ಅದು ಬ್ಯಾಂಕುಗಳ ಮೇಲೆ ವಿಧಿಸಿದ ನಿರ್ಬಂಧವನ್ನು ಸುಪ್ರೀಂ ಕೋರ್ಟು ೨೦೨೦ರ ಮಾರ್ಚ್ ೪ರಂದು ರದ್ದುಪಡಿಸಿತು. ೨೦೨೨ರಿಂದ ಲಾಭದ ಮೇಲೆ ನೂರಕ್ಕೆ ೩೦ರ ತೆರಿಗೆ ಬಂದಿದೆ. ಆದರೂ ದುಡಿದ ಹಣವನ್ನು ಈ ದಾರಿಯಲ್ಲಿ ಪಡೆಯುವ ತರುಣರು ನಮ್ಮ ಹಳ್ಳಿಗಳಲ್ಲಿಯೂ ಇರುವುದರಿಂದ, ದಾರಿಯ ಸ್ವಭಾವವನ್ನು ತಿಳಿದಿರುವುದು ಒಳ್ಳೆಯದು. ತೂಬಿನ ಅಳತೆಯನ್ನು ಬಲ್ಲ ರೈತನು ಕೆರೆ ತುಂಬಿದೊಡನೆ ಹೆದರುವುದಿಲ್ಲ. ತನ್ನ ಸರದಿ ಯಾವಾಗ ಬರುವುದೆಂಬುದನ್ನು ಎಣಿಸಿ ಕಾಯುತ್ತಾನೆ.

ವಿದ್ಯಾರ್ಥಿಗಳ ಅಭ್ಯಾಸಕ್ಕೆ

೧. ಐದು ನಾಣ್ಯಗಳನ್ನು ಸೇರಿಸಿ ಎರಡು ಭಾಗಗಳಾಗಿ ಕಳುಹಿಸುವ ವ್ಯವಹಾರದ ಅಳತೆ ಎಷ್ಟು? ೪೦ರ ದರದಲ್ಲಿ ಶುಲ್ಕವೆಷ್ಟು?

೨. ಇಪ್ಪತ್ತು ನಿಮಿಷಗಳವರೆಗೆ ಹೊಸ ಪುಟ ಬಾರದಿರುವ ಸಂಭವವೆಷ್ಟು?

೩. ಸರಳವಾದ ಸಾಲಿನಲ್ಲಿ ಭಾರವು ೦.೭೫ರಿಂದ ೦.೯೮ಕ್ಕೆ ಏರಿದರೆ ಅಲ್ಲಿರುವವರ ಸರಾಸರಿ ಸಂಖ್ಯೆ ಎಷ್ಟರಿಂದ ಎಷ್ಟಕ್ಕೆ ಏರುತ್ತದೆ?

ಉತ್ತರಗಳು: (೧) ೪೧೩ ಲೆಕ್ಕದ ಬೈಟುಗಳು, ೧೬,೫೨೦ ಸತೋಶಿ. (೨) ನೂರಕ್ಕೆ ಸುಮಾರು ೧೩.೫. (೩) ೩ರಿಂದ ೪೯ಕ್ಕೆ.